ಫ್ಲಾಟ್ ಕೊಳ್ಳುವ ಮೊದಲು ಬೂಷ್ಟಿನ ಟೆಸ್ಟ್ ಮಾಡಿಸಬೇಕೇ?

ಪ್ರಶ್ನೆ: ಮಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಒಂದು ಫ್ಲಾಟ್ ನೋಡಿದ್ದೇವೆ. ಮೂರನೇ ಮಹಡಿ. ಬಿಲ್ಡರ್ ಪೊಸೆಷನ್ ಕೊಟ್ಟು ನಾಲ್ಕೂವರೆ ವರ್ಷ ಆಗಿದೆ. ಮಾಲೀಕರು ಗಲ್ಫ್‌ನಲ್ಲಿದ್ದಾರೆ, ಮನೆ ಹೆಚ್ಚಿನ ಕಾಲ ಬೀಗ ಹಾಕಿಯೇ ಇತ್ತಂತೆ. ಆಗಸ್ಟ್‌ನಲ್ಲಿ ನೋಡಲು ಹೋದಾಗ ಒಳಗೆಲ್ಲ ಹೊಸ ಪೇಂಟ್. ಆದರೆ ದೊಡ್ಡ ಬೆಡ್‌ರೂಮಿನ ವಾರ್ಡ್‌ರೋಬ್ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಹಿಂದಿನ ಹಲಗೆಯ ಕೆಳಭಾಗದಲ್ಲಿ ಕಪ್ಪು ಚುಕ್ಕೆಗಳು. ಆ ಗೋಡೆಯ ಆಚೆ ಬಾತ್‌ರೂಮ್ ಇದೆ. ಮನೆ ತೋರಿಸಿದವರು "ಮಳೆಗಾಲದಲ್ಲಿ ಇಲ್ಲಿ ಎಲ್ಲರ ಮನೆಯಲ್ಲೂ ಇದು ಇದ್ದದ್ದೇ" ಎಂದರು. ನಮ್ಮ ಮಗನಿಗೆ ಏಳು ವರ್ಷ, ಆಗಾಗ ವೀಸಿಂಗ್ (ಉಸಿರಾಡುವಾಗ ಎದೆಯಲ್ಲಿ ಸಿಳ್ಳೆಯ ಸದ್ದು) ಬರುತ್ತದೆ, ಇನ್‌ಹೇಲರ್ ಇದೆ. ನ್ಯೂಜೆರ್ಸಿಯಲ್ಲಿರುವ ನನ್ನ ಭಾವ "ಮೋಲ್ಡ್ ಟೆಸ್ಟ್ ಇಲ್ಲದೆ ಮನೆ ತೆಗೆದುಕೊಳ್ಳಲೇಬೇಡಿ" ಎನ್ನುತ್ತಾರೆ. ಬೆಂಗಳೂರಿನ ಒಂದು ಕಂಪನಿ ಬಂದು ಗಾಳಿಯ ಸ್ಯಾಂಪಲ್ ತೆಗೆಯಲು 14 ಸಾವಿರ ಕೇಳುತ್ತಿದೆ. ಮಾಡಿಸಲೇ? ಅಥವಾ ಈ ಮನೆಯನ್ನೇ ಬಿಟ್ಟುಬಿಡಲೇ? — ಓದುಗರೊಬ್ಬರು, ಮಂಗಳೂರು

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಚಿಂತೆ ಸೇರಿಕೊಂಡಿವೆ. ಈ ಮನೆ ಮಗನ ಎದೆಗೆ ಒಗ್ಗುತ್ತದೆಯೋ ಇಲ್ಲವೋ ಎನ್ನುವುದು ಒಂದು. ಇಷ್ಟು ವರ್ಷದ ಉಳಿತಾಯ ಸುರಿದು ನೀರು ಸೋರುವ ಮನೆಯನ್ನು ತಲೆಗೆ ಕಟ್ಟಿಕೊಳ್ಳುತ್ತಿದ್ದೇವೆಯೋ ಎನ್ನುವುದು ಇನ್ನೊಂದು. 14 ಸಾವಿರದ ಆ ಟೆಸ್ಟ್ ಎರಡಕ್ಕೂ ಉತ್ತರ ಕೊಡುವುದಿಲ್ಲ. ನನ್ನನ್ನು ಕೇಳಿದರೆ ಈಗ ಮಾಡಿಸಬೇಡಿ. ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಒಬ್ಬ ಅನುಭವಿ ಪ್ಲಂಬರ್ ಮತ್ತು ಒಬ್ಬ ಸಿವಿಲ್ ಎಂಜಿನಿಯರನ್ನು ಕರೆದುಕೊಂಡು ಹೋಗಿ, ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿಸಿ. ಮನೆ ಬಿಡಬೇಕೋ ಬೇಡವೋ ಅದು ಗೊತ್ತಾದ ಮೇಲೆ ನಿರ್ಧಾರ ಮಾಡಿ.

ಆ ಟೆಸ್ಟ್‌ನಲ್ಲಿ ಏನು ಮಾಡುತ್ತಾರೆ ಎಂದು ಮೊದಲು ನೋಡೋಣ. ಒಂದು ಸಣ್ಣ ಪಂಪ್ ತಂದು ಕೋಣೆಯ ನಡುವೆ ಇಡುತ್ತಾರೆ. ಐದು ಅಥವಾ ಹತ್ತು ನಿಮಿಷ ಗಾಳಿ ಎಳೆಯುತ್ತಾರೆ. ಸಾಮಾನ್ಯವಾಗಿ 75 ಲೀಟರ್, ಹೆಚ್ಚೆಂದರೆ 150 ಲೀಟರ್. ಗಾಳಿಯಲ್ಲಿರುವ ಕಣಗಳು ಅಂಟು ಬಳಿದ ಗಾಜಿಗೆ ಅಂಟಿಕೊಳ್ಳುತ್ತವೆ. ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಕೆಳಗಿಟ್ಟು ಫಂಗಸ್ ಬೀಜಕಣಗಳನ್ನು ಎಣಿಸುತ್ತಾರೆ. ಕಟ್ಟಡದ ಹೊರಗಿನಿಂದಲೂ ಒಂದು ಸ್ಯಾಂಪಲ್ ತೆಗೆದು ಎರಡನ್ನೂ ಹೋಲಿಸುತ್ತಾರೆ. ಒಳಗೆ ಜಾಸ್ತಿ ಇದ್ದರೆ ಮನೆಯಲ್ಲಿ ಬೆಳೆಯುತ್ತಿದೆ ಎಂದು ಲೆಕ್ಕ.

ಕೇಳಲು ಸರಿಯಾಗಿದೆ, ಅಲ್ವಾ? ತೊಂದರೆ ಇರುವುದು ಆ ಹತ್ತು ನಿಮಿಷದಲ್ಲಿ. ಫ್ಯಾನ್ ಹಾಕಿದರೆ, ಯಾರೋ ವಾರ್ಡ್‌ರೋಬ್ ಬಾಗಿಲು ತೆಗೆದು ಮುಚ್ಚಿದರೆ, ನೆಲ ಗುಡಿಸಿದರೆ ಎಣಿಕೆ ಎಷ್ಟೋ ಪಟ್ಟು ಏರುತ್ತದೆ. ಮನೆ ಮುಚ್ಚಿಟ್ಟು ಎಲ್ಲ ನಿಶ್ಚಲವಾಗಿದ್ದರೆ, ಹಲಗೆಯ ಹಿಂದೆ ಬೂಷ್ಟು ತುಂಬಿದ್ದರೂ ಕೋಣೆಯ ಗಾಳಿಯಲ್ಲಿ ಏನೂ ಸಿಗದೇ ಹೋಗಬಹುದು. ಇನ್ನು ಹೊರಗಿನ ಗಾಳಿ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ. ತೆಂಗಿನ ತೋಟ, ಕೊಳೆಯುವ ಎಲೆ, ಪಾಚಿ ಹಿಡಿದ ಕಾಂಪೌಂಡ್. ಹೊರಗಿನ ಗಾಳಿಯಲ್ಲೇ ಬೀಜಕಣಗಳು ಬೇಕಾದಷ್ಟಿರುತ್ತವೆ. ಮಳೆ ಬರುವ ಮೊದಲು ಒಂದು ಲೆಕ್ಕ, ಬಂದು ಹೋದ ಮೇಲೆ ಇನ್ನೊಂದು. ಇಂಥ ಹಿನ್ನೆಲೆಯ ಜೊತೆ ಹೋಲಿಸಿ "ನಿಮ್ಮ ಮನೆ ನಾರ್ಮಲ್" ಎಂದು ಬರೆದುಕೊಟ್ಟರೆ ಅದನ್ನು ನಂಬಿ ಮನೆ ಕೊಳ್ಳುವುದು ಹೇಗೆ?

ಇದಕ್ಕಿಂತ ದೊಡ್ಡ ವಿಷಯ, ಬಂದ ಅಂಕಿಯನ್ನು ಹೋಲಿಸಿ ನೋಡಲು ಒಪ್ಪಿತವಾದ ಮಿತಿಯೇ ಇಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಇಷ್ಟಿರಬೇಕು, ಇದಕ್ಕಿಂತ ಜಾಸ್ತಿ ಇರಬಾರದು ಎಂದು ಮಾನದಂಡ ಇದೆ. ಮನೆಯೊಳಗಿನ ಬೂಷ್ಟಿನ ಕಣಗಳಿಗೆ ಹಾಗೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ತೇವ ಮತ್ತು ಬೂಷ್ಟಿನ ಬಗ್ಗೆಯೇ ಒಂದು ಮಾರ್ಗಸೂಚಿ ತಂದಿತು. ಅದರಲ್ಲೂ ಇಷ್ಟು ಕಣ ಇದ್ದರೆ ಅಪಾಯ ಎಂಬ ಅಂಕಿ ಕೊಡಲಿಲ್ಲ, ಕೊಡಲು ಆಗುವುದಿಲ್ಲ ಎಂದಿತು. ಮನೆಯಲ್ಲಿ ತೇವ ನಿಲ್ಲದಂತೆ ನೋಡಿಕೊಳ್ಳಿ ಎನ್ನುವುದೇ ಅವರ ಸಲಹೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವುದೂ ಅದನ್ನೇ. ಬೂಷ್ಟು ಕಣ್ಣಿಗೆ ಕಾಣುತ್ತಿದ್ದರೆ ಹೆಚ್ಚಿನ ಸಂದರ್ಭಗಳಲ್ಲಿ ಸ್ಯಾಂಪಲ್ ತೆಗೆಯುವ ಅಗತ್ಯವಿಲ್ಲ. ನೀವು ಚುಕ್ಕೆ ನೋಡಿದ್ದೀರಿ, ವಾಸನೆ ಹಿಡಿದಿದ್ದೀರಿ. ಟೆಸ್ಟ್ ಆಗಿಹೋಗಿದೆ.

ಆನ್‌ಲೈನಿನಲ್ಲಿ ಸಿಗುವ ಪ್ಲಾಸ್ಟಿಕ್ ಡಬ್ಬಿಯ ಕಿಟ್‌ಗಳ ಬಗ್ಗೆ ಒಂದೇ ಮಾತು. ಮುಚ್ಚಳ ತೆಗೆದು ಕೋಣೆಯಲ್ಲಿಟ್ಟರೆ ಅದರಲ್ಲಿ ಏನಾದರೂ ಬೆಳೆದೇ ಬೆಳೆಯುತ್ತದೆ. ನನ್ನ ಆಫೀಸಿನಲ್ಲಿಟ್ಟರೂ ಬೆಳೆಯುತ್ತದೆ, ದೇವಸ್ಥಾನದಲ್ಲಿಟ್ಟರೂ ಬೆಳೆಯುತ್ತದೆ.

ಹಾಗಂತ ನಿಮ್ಮ ಭಾವ ಹೇಳಿದ್ದು ಸುಮ್ನೆ ಹೆದರಿಕೆಯ ಮಾತಲ್ಲ. ಅವರಿರುವ ಕಡೆ ಮನೆ ಕಟ್ಟುವ ರೀತಿಯೇ ಬೇರೆ. ಮರದ ಚೌಕಟ್ಟು ನಿಲ್ಲಿಸಿ, ಎರಡೂ ಬದಿಗೆ ಜಿಪ್ಸಮ್ ಬೋರ್ಡ್ ಹೊಡೆದು, ನಡುವಿನ ಪೊಳ್ಳಿನಲ್ಲಿ ಇನ್ಸುಲೇಷನ್ ತುಂಬುತ್ತಾರೆ. ಆ ಬೋರ್ಡಿನ ಮೈಗೆ ಕಾಗದ ಇರುತ್ತದೆ. ಕಾಗದ ಬೂಷ್ಟಿಗೆ ಹಬ್ಬದೂಟ. ಗೋಡೆಯೊಳಗೆ ಪೈಪ್ ಒಂದು ಜಿನುಗಿದರೆ ಹೊರಗೆ ಏನೂ ಕಾಣದೆ ಒಳಗೆಲ್ಲ ಹಬ್ಬುತ್ತದೆ. ಜೊತೆಗೆ ನೆಲಮಾಳಿಗೆ ಬೇರೆ, ಇಡೀ ಮನೆಗೆ ಒಂದೇ ಗಾಳಿಯ ಡಕ್ಟ್ ಬೇರೆ. ಮನೆ ಕೊಳ್ಳುವ ಮೊದಲು ಇನ್‌ಸ್ಪೆಕ್ಷನ್ ಮಾಡಿಸುವುದು ಅಲ್ಲಿ ರೂಢಿ, ಮೋಲ್ಡ್ ಟೆಸ್ಟ್ ಅದರ ಬಾಲದಲ್ಲಿ ಬಂದಿದೆ.

ನಮ್ಮ ಗೋಡೆ ಕಲ್ಲು, ಬ್ಲಾಕ್, ಸಿಮೆಂಟಿನದು. ಹೊಸ ಸಿಮೆಂಟ್ ಪ್ಲಾಸ್ಟರಿನಲ್ಲಿ, ಸುಣ್ಣದಲ್ಲಿ ಕ್ಷಾರ ಎಷ್ಟಿರುತ್ತದೆ ಎಂದರೆ ಬೂಷ್ಟು ಅದರ ಮೇಲೆ ಬದುಕುವುದಿಲ್ಲ. ಮಳೆಗಾಲ ಕಳೆದ ಮೇಲೆ ಮನೆಗೆ ಸುಣ್ಣ ಬಳಿಯುತ್ತಿದ್ದ ನಮ್ಮ ಹಿರಿಯರಿಗೆ ಇದರ ಲಾಭ ಸಿಗುತ್ತಿತ್ತು. ವರ್ಷ ಕಳೆದಂತೆ ಗಾಳಿ ತಾಗಿ ಆ ಕ್ಷಾರ ಇಳಿಯುತ್ತದೆ. ಮೇಲೆ ಪುಟ್ಟಿ, ಎಮಲ್ಷನ್ ಪೇಂಟ್, ಧೂಳು, ಕೈಯ ಜಿಡ್ಡು ಸೇರುತ್ತವೆ. ಆಗ ಬೂಷ್ಟಿಗೆ ಊಟ ಸಿಕ್ಕಿತು. ಆದರೂ ಅದು ಗೋಡೆಯ ಮೈಮೇಲೆ ಬೆಳೆಯುತ್ತದೆ, ಹುಡುಕಿದರೆ ಕಣ್ಣಿಗೆ ಬೀಳುತ್ತದೆ. ಅಡಗಿ ಕೂರುವ ಜಾಗಗಳೆಂದರೆ ಪ್ಲೈವುಡ್ ವಾರ್ಡ್‌ರೋಬಿನ ಬೆನ್ನು, ಫಾಲ್ಸ್ ಸೀಲಿಂಗ್, ಟಿವಿ ಹಿಂದಿನ ಮರದ ಪ್ಯಾನಲ್, ಅಡುಗೆಮನೆ ಸಿಂಕ್ ಕೆಳಗಿನ ಕಪಾಟು. ಇವನ್ನು ನೋಡಲು ಟಾರ್ಚ್ ಮತ್ತು ಸ್ಕ್ರೂಡ್ರೈವರ್ ಸಾಕು.

"ಕಪ್ಪು ಬೂಷ್ಟು ವಿಷ" ಎಂಬ ಭಯದ ಬಗ್ಗೆಯೂ ಹೇಳಿಬಿಡುತ್ತೇನೆ, ನೀವು ಗೂಗಲ್ ಮಾಡಿಯೇ ಇರುತ್ತೀರಿ. 1993-94ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಕೆಲವು ಹಸುಗೂಸುಗಳಿಗೆ ಶ್ವಾಸಕೋಶದಲ್ಲಿ ರಕ್ತಸ್ರಾವವಾಯಿತು. ಮನೆಗಳಲ್ಲಿ ಸ್ಟ್ಯಾಕಿಬೋಟ್ರಿಸ್ ಎಂಬ ಕಪ್ಪು ಫಂಗಸ್ ಸಿಕ್ಕಿದ್ದರಿಂದ ಅದೇ ಕಾರಣ ಎಂದು ಮೊದಲು ವರದಿಯಾಯಿತು. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯೇ 2000ದಲ್ಲಿ ಎಲ್ಲವನ್ನೂ ಮತ್ತೆ ಪರಿಶೀಲಿಸಿ, ಆ ನಂಟು ಸಾಬೀತಾಗಿಲ್ಲ ಎಂದಿತು. ಅಷ್ಟರಲ್ಲಿ ಭಯ ಊರೆಲ್ಲ ಹರಡಿತ್ತು. ಬಣ್ಣ ನೋಡಿ ಬೂಷ್ಟಿನ ಗುಣ ಹೇಳಲು ಬರುವುದಿಲ್ಲ. ಬಾತ್‌ರೂಮಿನ ಮೂಲೆಯಲ್ಲಿ ಕಾಣುವ ಕಪ್ಪು ಬಹಳ ಸಲ ಕ್ಲಾಡೋಸ್ಪೋರಿಯಂನಂಥ ತೀರಾ ಸಾಮಾನ್ಯ ಜಾತಿಯದು. ಬಿಳಿಯದು, ಹಸಿರಿನದು ಇದ್ದರೂ ಅಲರ್ಜಿ ಇರುವವರಿಗೆ ತೊಂದರೆ ಕೊಡಬಲ್ಲದು.

ನಿಜವಾಗಿ ಸಾಬೀತಾಗಿರುವುದು ಏನು? ತೇವ, ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಮೂಗು ಕಟ್ಟುವುದು, ವೀಸಿಂಗ್, ಈಗಾಗಲೇ ಅಸ್ತಮಾ ಇದ್ದವರಿಗೆ ಅದು ಉಲ್ಬಣಿಸುವುದು ಜಾಸ್ತಿ. ಇದರಲ್ಲಿ ಅನುಮಾನವಿಲ್ಲ. ಆದ್ದರಿಂದ ನಿಮ್ಮ ಮಗನ ವಿಷಯದಲ್ಲಿ ನಿಮ್ಮ ಚಿಂತೆ ಸರಿಯಾಗಿಯೇ ಇದೆ. ಆದರೆ ಒದ್ದೆ ಮನೆಯಲ್ಲಿ ಬೂಷ್ಟು ಒಂದೇ ಇರುವುದಿಲ್ಲ. ಹಾಸಿಗೆ, ಸೋಫಾಗಳ ಧೂಳಿನಲ್ಲಿರುವ ಮೈಟ್ ಎಂಬ ಸೂಕ್ಷ್ಮ ಹುಳುಗಳಿಗೂ ತೇವ ಬೇಕು, ಜಿರಲೆಗೂ ಬೇಕು. ಮಕ್ಕಳ ವೀಸಿಂಗ್‌ಗೆ ಇವೆರಡೂ ದೊಡ್ಡ ಕಾರಣಗಳು. ಫಂಗಸ್ ರಿಪೋರ್ಟ್ ಕ್ಲೀನ್ ಬಂದರೂ ಇವು ಅಲ್ಲೇ ಇರುತ್ತವೆ. ಮಗನನ್ನು ನೋಡುವ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ. ಅವನಿಗೆ ಯಾವುದರ ಅಲರ್ಜಿ ಎಂದು ಚರ್ಮದ ಮೇಲೆ ಚುಚ್ಚಿ ನೋಡುವ ಟೆಸ್ಟ್ ಇದೆ, ರಕ್ತದ ಟೆಸ್ಟೂ ಇದೆ. ಬೇಕೋ ಬೇಡವೋ ಅವರು ಹೇಳುತ್ತಾರೆ. ಮನೆಯ ಗಾಳಿ ಟೆಸ್ಟ್ ಮಾಡಿಸುವುದಕ್ಕಿಂತ ಅದರಿಂದ ನಿಮಗೆ ಸಿಗುವ ಮಾಹಿತಿ ಹೆಚ್ಚು.

ನೀರು ಎಲ್ಲಿಂದ?

ಈಗ ಮುಖ್ಯ ವಿಷಯಕ್ಕೆ ಬರೋಣ. ಬೂಷ್ಟಿನ ಬೀಜ ಎಲ್ಲ ಕಡೆ ಇದೆ. ಊಟಕ್ಕೆ ಧೂಳು ಸಾಕು. ಅದಕ್ಕೆ ಕೊರತೆಯಾಗುವುದು ನೀರು ಒಂದೇ. ಒದ್ದೆಯಾದ ವಸ್ತು ಒಂದೆರಡು ದಿನ ಹಾಗೇ ಉಳಿದರೆ ಬೆಳವಣಿಗೆ ಶುರು. ನಿಮ್ಮ ಫ್ಲಾಟಿನಲ್ಲಿ ನೀರು ಬರಲು ಮೂರು ದಾರಿ ಇವೆ: ಗಾಳಿಯ ತೇವ, ಹೊರಗಿನ ಮಳೆ, ಬಾತ್‌ರೂಮಿನ ಸೋರಿಕೆ. ಮೂರಕ್ಕೂ ಖರ್ಚು ಬೇರೆ, ತಲೆನೋವು ಬೇರೆ.

ಮೊದಲನೆಯದು ಸಲೀಸು. ಬೀಗ ಹಾಕಿದ ಮನೆ, ಕಿಟಕಿ ಮುಚ್ಚಿದೆ, ಫ್ಯಾನ್ ಇಲ್ಲ, ಹೊರಗೆ ಆಟಿ ತಿಂಗಳ ಮಳೆ. ಇಂಥ ಮನೆಯಲ್ಲಿ ಬೆಲ್ಟ್, ಚಪ್ಪಲಿ, ಮದುವೆ ಆಲ್ಬಮ್ಮಿಗೂ ಬೂಷ್ಟು ಬರುತ್ತದೆ. ಮನೆ ತೋರಿಸಿದವರ ಮಾತು ಅಷ್ಟರ ಮಟ್ಟಿಗೆ ಸರಿ. ಇದಾದರೆ ಚುಕ್ಕೆಗಳು ಅಲ್ಲಲ್ಲಿ ಚೆದುರಿದ ಹಾಗೆ ಇರುತ್ತವೆ, ಎಲ್ಲ ಕೋಣೆಯಲ್ಲೂ ಸ್ವಲ್ಪ ಸ್ವಲ್ಪ ಇರುತ್ತವೆ, ಮೇಲೆ-ಕೆಳಗೆ ಎಂಬ ಭೇದ ಇರುವುದಿಲ್ಲ. ಒರೆಸಿದರೆ ಹೋಗುತ್ತವೆ, ಅಡಿಯ ಪ್ಲಾಸ್ಟರ್ ಗಟ್ಟಿಯಾಗಿಯೇ ಇರುತ್ತದೆ. ಜನ ವಾಸಕ್ಕೆ ಬಂದು ಗಾಳಿ ಆಡಿದರೆ ಬಹುಪಾಲು ನಿಲ್ಲುತ್ತದೆ.

ಪಕ್ಕದ ಕೋಣೆಯಲ್ಲಿ ಎಸಿ ಇದ್ದರೆ ಇನ್ನೊಂದು ತಮಾಷೆ ನಡೆಯುತ್ತದೆ. ಮಳೆಗಾಲದಲ್ಲಿ ಗಾಳಿ 28 ಡಿಗ್ರಿ ಇದ್ದು ಆರ್ದ್ರತೆ ಶೇ 85 ಇದ್ದರೆ, 25 ಡಿಗ್ರಿ ಆಸುಪಾಸಿಗೆ ತಣ್ಣಗಾದ ಯಾವುದೇ ಮೇಲ್ಮೈ ಬೆವರುತ್ತದೆ. ಎಸಿಯನ್ನು 20ಕ್ಕೆ ಇಟ್ಟು ರಾತ್ರಿಯೆಲ್ಲ ಓಡಿಸಿದರೆ ಆ ಗೋಡೆಯ ಆಚೆ ಬದಿ, ಎಸಿ ಇಲ್ಲದ ಕೋಣೆಯಲ್ಲಿ, ಒದ್ದೆಯಾಗುತ್ತದೆ. ಸೋರಿಕೆ ಎಂದುಕೊಂಡು ಗೋಡೆ ಒಡೆಸಿದವರನ್ನೂ ನೋಡಿದ್ದೇನೆ.

ಎರಡನೆಯದು ಹೊರಗೋಡೆ. ನಮ್ಮ ಕಡೆ ನೈಋತ್ಯ ಮಾರುತ ಸಮುದ್ರದ ಕಡೆಯಿಂದ ಗಾಳಿ ಸಮೇತ ಹೊಡೆಯುತ್ತದೆ. ಪಶ್ಚಿಮದ ಗೋಡೆ ನಾಲ್ಕು ತಿಂಗಳು ಪೆಟ್ಟು ತಿನ್ನುತ್ತದೆ. ಕಾಂಕ್ರೀಟ್ ಕಂಬಕ್ಕೂ ಬ್ಲಾಕ್ ಗೋಡೆಗೂ ಸೇರುವ ಜಾಗದಲ್ಲಿ ಕೂದಲೆಳೆ ಬಿರುಕು ಬಿಡುವುದು ಸಾಮಾನ್ಯ. ಕಿಟಕಿ ಚೌಕಟ್ಟಿನ ಸುತ್ತ ಸೀಲೆಂಟ್ ಒಣಗಿ ಬಿರಿಯುತ್ತದೆ. ಕಿಟಕಿಯ ಕೆಳಮೂಲೆಯಲ್ಲಿ ಮೀಸೆಯ ಹಾಗೆ ಇಳಿದ ಕಲೆ ಕಂಡರೆ ಇದೇ. ಜನವರಿಯಲ್ಲಿ ಪೂರ್ತಿ ಒಣಗಿರುತ್ತದೆ, ಜೂನ್ ಕೊನೆಗೆ ಮತ್ತೆ ಹಾಜರು. ಹೊರಗಿನಿಂದ ಸರಿಮಾಡಬೇಕು, ಒಳಗಿನಿಂದ ಎಷ್ಟು ಬಳಿದರೂ ಪ್ರಯೋಜನವಿಲ್ಲ. ಹೊರಗೋಡೆ ಅಸೋಸಿಯೇಷನ್ ಜವಾಬ್ದಾರಿ ಆಗಿರುವುದರಿಂದ ನೀವೊಬ್ಬರೇ ಮನಸ್ಸು ಮಾಡಿದರೆ ಸಾಲದು, ಅವರ ಹತ್ತಿರ ದುಡ್ಡು ಇರಬೇಕು, ಮಹಡಿಯಿಂದ ಹಗ್ಗ ಇಳಿಬಿಟ್ಟು ಕೆಲಸ ಮಾಡುವವರು ಸಿಗಬೇಕು.

ಮೂರನೆಯದರ ಮೇಲೆ ನನಗೆ ಅನುಮಾನ ಹೆಚ್ಚು. ಚುಕ್ಕೆ ಇರುವುದು ಹಲಗೆಯ ಕೆಳಭಾಗದಲ್ಲಿ, ಗೋಡೆಯ ಆಚೆ ಬಾತ್‌ರೂಮ್ ಎಂದಿದ್ದೀರಿ. ಅಪಾರ್ಟ್‌ಮೆಂಟ್ ಬಾತ್‌ರೂಮುಗಳಲ್ಲಿ ಸ್ಲ್ಯಾಬನ್ನು ಒಂದು ಅಡಿಯಷ್ಟು ತಗ್ಗಿಸಿ, ಪೈಪುಗಳನ್ನು ಕೂರಿಸಿ, ಇಟ್ಟಿಗೆ ಚೂರು ಅಥವಾ ಸಿಂಡರ್ ತುಂಬಿ, ಮೇಲೆ ಟೈಲ್ಸ್ ಹಾಕುತ್ತಾರೆ. ಇದೇ ಸಂಕನ್ ಸ್ಲ್ಯಾಬ್. ಟೈಲ್ಸ್ ನಡುವಿನ ಗ್ರೌಟ್ ಹೋದರೆ ಅಥವಾ ನೆಲದ ನೀರು ಇಳಿದುಹೋಗುವ ನಾನಿ ಟ್ರ್ಯಾಪಿನ ಸುತ್ತ ಸಂದು ಬಿಟ್ಟರೆ ನೀರು ಕೆಳಗಿಳಿದು ಅಲ್ಲೇ ತೊಟ್ಟಿಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಆಮೇಲೆ ನಿಧಾನಕ್ಕೆ ಪಕ್ಕದ ಬೆಡ್‌ರೂಮಿನ ಗೋಡೆಗೆ ಹತ್ತುತ್ತದೆ, ಗೋಡೆಯ ಬುಡದ ಟೈಲ್ಸ್ ಪಟ್ಟಿಯಿಂದ (ಸ್ಕರ್ಟಿಂಗ್) ಒಂದೆರಡು ಅಡಿ ಮೇಲಿನವರೆಗೆ. ಕೆಳಗಿನ ಮನೆಯ ಬಾತ್‌ರೂಮ್ ಸೀಲಿಂಗಿಗೂ ಇಳಿಯುತ್ತದೆ. ಕಲೆ ಸೊಂಟದೆತ್ತರದಲ್ಲಿ, ಶವರ್ ಮಿಕ್ಸರಿನ ನೇರಕ್ಕೆ ಇದ್ದರೆ ಗೋಡೆಯೊಳಗಿನ ಪೈಪ್ ಜಿನುಗುತ್ತಿದೆ ಎಂದು ಅರ್ಥ. ಸೀಲಿಂಗ್ ಮೂಲೆಯಲ್ಲಿದ್ದರೆ ಮೇಲಿನ ಮನೆಯವರದು.

ಒಂದು ಗಮನಿಸಿ. ಮನೆ ಬೀಗ ಹಾಕಿತ್ತು, ಬಾತ್‌ರೂಮ್ ಬಳಸುತ್ತಿರಲಿಲ್ಲ. ಸಂಕನ್ ಸ್ಲ್ಯಾಬಿನ ಸೋರಿಕೆ ಇದ್ದರೂ ಈಗ ಅದರ ಪೂರ್ಣ ರೂಪ ಕಾಣುವುದಿಲ್ಲ. ನೀವು ನಾಲ್ಕು ಜನ ದಿನಾ ಸ್ನಾನ ಮಾಡಲು ಶುರು ಮಾಡಿದ ಮೇಲೆ ಕಾಣುತ್ತದೆ. ಆದ್ದರಿಂದ ನೀರು ಹಾಕಿ ನೋಡದೆ ಈ ಮನೆಯ ಬಗ್ಗೆ ಯಾರೂ ಖಾತ್ರಿ ಕೊಡಲಾರರು.

ಇನ್ನೊಂದು, ಗೋಡೆಯ ಮೇಲೆ ಬಿಳಿ ಪುಡಿ ಎದ್ದಿದ್ದರೆ ಅದನ್ನು ಬೂಷ್ಟು ಎಂದು ಹೆದರಬೇಡಿ. ಬೆರಳಲ್ಲಿ ಉಜ್ಜಿ ನೀರಿಗೆ ಹಾಕಿದಾಗ ಕರಗಿದರೆ ಅದು ಉಪ್ಪು. ಗೋಡೆಯೊಳಗಿಂದ ನೀರು ಹೊರಬರುವಾಗ ತಂದಿಟ್ಟದ್ದು. ಬೂಷ್ಟಿನಷ್ಟು ಆರೋಗ್ಯಕ್ಕೆ ಕೆಟ್ಟದ್ದಲ್ಲ, ಆದರೆ ಗೋಡೆಯ ಒಳಗೆ ನೀರು ಓಡಾಡುತ್ತಿದೆ ಎನ್ನುವುದಕ್ಕೆ ಚುಕ್ಕೆಗಿಂತ ಗಟ್ಟಿ ಸಾಕ್ಷಿ.

ಹೋಗಿ ನೋಡುವುದು ಹೇಗೆ?

ಮಳೆ ಮುಗಿಯುವ ಮೊದಲು ಇನ್ನೊಮ್ಮೆ ಹೋಗಿ. ಮಾರ್ಚ್‌ನಲ್ಲಿ ನೋಡಿದರೆ ಎಲ್ಲ ಮನೆಯೂ ಚೆಂದವೇ. ಹಿಂದಿನ ದಿನ ಕಿಟಕಿ ಮುಚ್ಚಿಡಲು ಹೇಳಿ, ಬಾಗಿಲು ತೆಗೆದ ಕೂಡಲೇ ಮೂಗಿಗೆ ಏನು ಬರುತ್ತದೆ ನೋಡಿ. ಅಗರಬತ್ತಿ, ರೂಮ್ ಫ್ರೆಷ್‌ನರ್ ಘಮ್ಮೆನ್ನುತ್ತಿದ್ದರೆ ಸ್ವಲ್ಪ ಹುಷಾರಾಗಿ.

ಪೇಂಟರ್ ಕೈ ಹೋಗದ ಜಾಗಗಳನ್ನು ನೋಡಿ. ಸ್ವಿಚ್ ಬೋರ್ಡಿನ ಮುಚ್ಚಳ ಬಿಚ್ಚಿಸಿ ಒಳಗೆ ತುಕ್ಕು ಇದೆಯೇ ನೋಡಿ. ಇದನ್ನು ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನೇ ಮಾಡಲಿ. ಬಾತ್‌ರೂಮ್ ಬಾಗಿಲಿನ ಚೌಕಟ್ಟಿನ ಬುಡವನ್ನು ಬೆರಳಿನಿಂದ ಒತ್ತಿ. ಮೆತ್ತಗಿದ್ದರೆ, ಉಬ್ಬಿದ್ದರೆ ಅಲ್ಲಿ ವರ್ಷಗಟ್ಟಲೆ ನೀರು ನಿಂತಿದೆ. ವಾರ್ಡ್‌ರೋಬಿನ ಹಿಂದಿನ ಹಲಗೆ ಒಂದು ಮೂಲೆಯಲ್ಲಾದರೂ ಬಿಚ್ಚಲು ಮಾಲೀಕರ ಒಪ್ಪಿಗೆ ಕೇಳಿ. ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಎಂಜಿನಿಯರ್ ಬಂದಾಗ ತೇವ ಅಳೆಯುವ ಮಾಯ್ಶ್ಚರ್ ಮೀಟರ್ ತರಲು ಹೇಳಿ. ಅದರ ಅಂಕಿಯನ್ನು ಅಕ್ಷರಶಃ ನಂಬಬೇಡಿ, ಈ ಮೀಟರ್‌ಗಳ ಅಳತೆ ಸಾಮಾನ್ಯವಾಗಿ ಮರಕ್ಕೆ ಹೊಂದಿಸಿದ್ದು. ಗೋಡೆಯಲ್ಲಿ ಉಪ್ಪಿದ್ದರೆ, ಒಳಗೆ ಕಬ್ಬಿಣ ಇದ್ದರೆ ಸುಳ್ಳು ಹೇಳುತ್ತದೆ. ಹೋಲಿಕೆಗೆ ಚೆನ್ನಾಗಿ ಬರುತ್ತದೆ. ಹಾಲ್‌ನ ಒಳಗೋಡೆ ಎಷ್ಟು ತೋರಿಸುತ್ತದೆ, ಅನುಮಾನದ ಗೋಡೆ ಎಷ್ಟು, ಕೆಳಗಿನಿಂದ ಮೇಲಕ್ಕೆ ಹೋದಂತೆ ಇಳಿಯುತ್ತದೆಯೇ ನೋಡಿ. ಮೀಟರ್ ಸಿಗದಿದ್ದರೆ ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಶೀಟನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಶೀಟಿನ ಒಳಬದಿಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಕೋಣೆಯ ಕಡೆಯ ಮೈ ಒದ್ದೆಯಾದರೆ ಗಾಳಿಯದು. ಹೊಸ ಪೇಂಟ್ ನೀರನ್ನು ಕೆಲಕಾಲ ತಡೆಯುತ್ತದೆ, ಹಾಗಾಗಿ ಏನೂ ಕಾಣದಿದ್ದರೆ ಪೂರ್ತಿ ನಿಶ್ಚಿಂತೆ ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ಬಾತ್‌ರೂಮಿನಲ್ಲಿ ನೀರು ನಿಲ್ಲಿಸಿ ನೋಡುವುದು. ಟ್ರ್ಯಾಪಿನ ಬಾಯಿ ಮುಚ್ಚಿ, ಬಾಗಿಲಲ್ಲಿ ಸಣ್ಣ ಕಟ್ಟೆ ಕಟ್ಟಿ, ಎರಡು ಇಂಚು ನೀರು ತುಂಬಿ ಕನಿಷ್ಠ 24 ಗಂಟೆ ಬಿಡಬೇಕು. 48 ಆದರೆ ಇನ್ನೂ ಒಳ್ಳೆಯದು. ಮೊದಲು ಮತ್ತು ಆಮೇಲೆ ಬೆಡ್‌ರೂಮಿನ ಗೋಡೆ ನೋಡಿ, ಕೆಳಗಿನ ಮನೆಯವರ ಅನುಮತಿ ಕೇಳಿ ಅವರ ಸೀಲಿಂಗ್ ನೋಡಿ. ಗೋಡೆಯೊಳಗಿನ ಪೈಪಿಗೆ ಪ್ಲಂಬರ್ ಗೇಜ್ ಹಾಕಿ ಪ್ರೆಷರ್ ಟೆಸ್ಟ್ ಮಾಡಲಿ. ಮುಳ್ಳು ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ.

ಕೆಳಗಿನ ಮನೆಯವರ ಹತ್ತಿರ ಹೋದಾಗ ಹಾಗೇ ನಾಲ್ಕು ಮಾತಾಡಿ. ಮೇಲಿನವರ ಸೋರಿಕೆಯ ಇತಿಹಾಸ ಅವರಿಗೆ ಬಾಯಿಪಾಠ ಇರುತ್ತದೆ. ವಾಚ್‌ಮನ್‌ಗೂ ಗೊತ್ತಿರುತ್ತದೆ. ಅಸೋಸಿಯೇಷನ್ ಕಾರ್ಯದರ್ಶಿಯನ್ನು ಸೀಪೇಜ್ (ನೀರು ಜಿನುಗುವ) ದೂರುಗಳ ಬಗ್ಗೆ ಕೇಳಿ. ನನ್ನ ಅನುಭವದಲ್ಲಿ ಯಾವ ಲ್ಯಾಬ್ ರಿಪೋರ್ಟಿಗಿಂತ ಈ ಅರ್ಧ ಗಂಟೆಯ ಮಾತುಕತೆಯಲ್ಲಿ ಸಿಗುವುದು ಜಾಸ್ತಿ.

ಸೀಲಿಂಗ್ ಅಥವಾ ತೊಲೆಯಲ್ಲಿ ಕಂದು ಬಣ್ಣದ ತುಕ್ಕಿನ ಕಲೆ, ಕಾಂಕ್ರೀಟ್ ಚಕ್ಕೆ ಎದ್ದಿರುವುದು ಕಂಡರೆ ಮಾತ್ರ ಬೂಷ್ಟಿನ ವಿಷಯ ಬದಿಗಿಡಿ. ಅದು ಒಳಗಿನ ಕಬ್ಬಿಣ ತುಕ್ಕು ಹಿಡಿದ ಗುರುತು. ಸಮುದ್ರದ ಉಪ್ಪುಗಾಳಿ ಇರುವ ಊರಿನಲ್ಲಿ ಇದು ಬೇಗ ಬೆಳೆಯುತ್ತದೆ. ನಾಲ್ಕೂವರೆ ವರ್ಷದ ಕಟ್ಟಡದಲ್ಲಿ ಅದು ಇರಲೇಬಾರದು. ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಒಂದು ರೂಪಾಯಿಯೂ ಕೊಡಬೇಡಿ.

ಆಮೇಲೆ ಏನು ಮಾಡಬಹುದು?

ಗಾಳಿಯ ತೇವ ಮಾತ್ರ ಎಂದು ಗೊತ್ತಾದರೆ ಮನೆ ತೆಗೆದುಕೊಳ್ಳಬಹುದು. ಬೂಷ್ಟು ತಿಂದ ವಾರ್ಡ್‌ರೋಬನ್ನು ಕಿತ್ತು ಎಸೆಯಿರಿ. ನೆನೆದು ಉಬ್ಬಿದ ಪ್ಲೈವುಡ್ ಸರಿಹೋಗುವುದಿಲ್ಲ. ಹೊಸದನ್ನು ಗೋಡೆಯಿಂದ ಎರಡು ಇಂಚು ಬಿಟ್ಟು ಮಾಡಿಸಿ.

ಬಾತ್‌ರೂಮ್ ಸೋರಿಕೆ ಎಂದಾದರೆ ಮೂರು ದಾರಿ. ಮಾಲೀಕರೇ ಸರಿಮಾಡಿಸಿ ಕೊಡುವುದು ಒಂದು. ಇದು ಕೇಳಲು ಚೆಂದ. ಆದರೆ ಮಾರಿ ಹೋಗುವವರಿಗೆ ಆಸಕ್ತಿ ಇರುವುದು ರಿಜಿಸ್ಟ್ರೇಷನ್ ದಿನದವರೆಗೆ ಮಾತ್ರ. ಗ್ರೌಟ್ ಬಳಿದು, ಟೈಲ್ಸ್ ಮೇಲೊಂದು ಕೆಮಿಕಲ್ ಸವರಿ ಮುಗಿಸುತ್ತಾರೆ. ಒಪ್ಪುವುದಾದರೆ ಕೆಲಸದ ನಂತರ ಮತ್ತೆ ನೀರು ನಿಲ್ಲಿಸಿ ನೋಡುತ್ತೇವೆ ಎಂದು ಕರಾರಿನಲ್ಲಿ ಬರೆಸಿ. ಎರಡನೆಯದು ಬೆಲೆ ಇಳಿಸಿಕೊಂಡು ನೀವೇ ಮಾಡಿಸುವುದು. ಬಾತ್‌ರೂಮ್ ನೆಲ ಪೂರ್ತಿ ಅಗೆದು, ಫಿಲ್ಲಿಂಗ್ ತೆಗೆದು, ವಾಟರ್‌ಪ್ರೂಫಿಂಗ್ ಮಾಡಿ, ನೀರು ನಿಲ್ಲಿಸಿ ಪರೀಕ್ಷಿಸಿ, ಮತ್ತೆ ಟೈಲ್ಸ್ ಹಾಕುವಷ್ಟರಲ್ಲಿ ಒಂದು ಬಾತ್‌ರೂಮಿಗೆ ಲಕ್ಷ ದಾಟುವುದು ಮಾಮೂಲು. ಚೌಕಾಸಿ ಮಾಡುವಾಗ ಪೇಂಟಿನ ಖರ್ಚನ್ನಲ್ಲ, ಈ ಖರ್ಚನ್ನು ಲೆಕ್ಕಕ್ಕೆ ತನ್ನಿ. ನನಗೆ ಇದೇ ಹೆಚ್ಚು ಇಷ್ಟ. ಕೆಲಸ ನಿಮ್ಮ ಕಣ್ಣೆದುರೇ ಆಗುತ್ತದೆ. ಅಪಾಯ ಏನೆಂದರೆ, ಅಗೆದ ಮೇಲೆ ಇನ್ನೇನಾದರೂ ಸಿಕ್ಕಿದರೆ ಅದೂ ನಿಮ್ಮ ತಲೆಗೆ.

ಮೂರನೆಯದು ಬಿಲ್ಡರ್. ಇಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ, ಆದರೆ ಸಮಯ ಕಡಿಮೆ ಇದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ನೇ ಸೆಕ್ಷನ್ ಪ್ರಕಾರ, ಪೊಸೆಷನ್ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ಅಥವಾ ಕೆಲಸದ ಗುಣಮಟ್ಟದ ದೋಷವನ್ನು ಗಮನಕ್ಕೆ ತಂದರೆ, ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿಮಾಡಿಕೊಡಬೇಕು. ಮಾಡದಿದ್ದರೆ ಪರಿಹಾರ ಕೇಳಬಹುದು. ಮೊದಲ ಮಾಲೀಕರಿಂದ ಕೊಂಡವರಿಗೂ ಕಾಯ್ದೆ ಇದೇ ಹಕ್ಕು ಕೊಡುತ್ತದೆ. ಬಾತ್‌ರೂಮನ್ನು ಮಾಲೀಕರು ಆಮೇಲೆ ಒಡೆದು ಬದಲಾಯಿಸಿದ್ದರೆ ಬಿಲ್ಡರ್ ಕೈ ತೊಳೆದುಕೊಳ್ಳಬಹುದು, ಅದನ್ನು ಕೇಳಿ ತಿಳಿದುಕೊಳ್ಳಿ. ನಿಮಗೆ ಉಳಿದಿರುವುದು ಆರು ತಿಂಗಳ ಆಸುಪಾಸು. ಮಾರಾಟದ ಮಾತುಕತೆ ಎಳೆದಾಡುತ್ತಾ ಕೂತರೆ ಅದೂ ಹೋಗುತ್ತದೆ. ಆದ್ದರಿಂದ ನೀವು ಕೊಳ್ಳುವವರೆಗೆ ಕಾಯದೆ, ಈಗಿನ ಮಾಲೀಕರಿಂದಲೇ ಫೋಟೋ ಸಮೇತ ಬಿಲ್ಡರ್‌ಗೆ ಇಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟ್ ಹಾಕಿಸಿ. ಅವರಿಗೂ ಇದರಲ್ಲಿ ನಷ್ಟವಿಲ್ಲ.

ಮಾರುವವರಿಗೂ ಹೊಣೆ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ತಮಗೆ ಗೊತ್ತಿದ್ದು ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ ದೊಡ್ಡ ದೋಷವನ್ನು ಅವರು ಹೇಳಲೇಬೇಕು. ಆದರೆ ನೀವು ಚುಕ್ಕೆ ನೋಡಿಯಾಗಿದೆ. ನಾಳೆ "ನೋಡಿಯೇ ಕೊಂಡಿದ್ದಾರಲ್ಲ" ಎಂದರೆ ವಾದ ಕಷ್ಟ. ಹಾಗಾಗಿ ಸೀಪೇಜ್ ಹಿಂದೆ ಆಗಿತ್ತೇ, ಏನು ರಿಪೇರಿ ಮಾಡಿಸಿದ್ದೀರಿ ಎಂದು ಲಿಖಿತವಾಗಿ ಕೇಳಿ. ವಾಟ್ಸ್‌ಆ್ಯಪ್ ಉತ್ತರವಾದರೂ ಇರಲಿ. ಮನೆ ತೋರಿಸುವವರು ಪವರ್ ಆಫ್ ಅಟಾರ್ನಿ ಇರುವವರಾದರೆ ಮಾಲೀಕರ ಜೊತೆ ನೇರ ಮಾತಾಡಿ. ಇಷ್ಟೆಲ್ಲ ಮುಗಿಯುವವರೆಗೆ ಮುಂಗಡ ಚಿಕ್ಕದಿರಲಿ.

ಮನೆ ಬಿಡಬೇಕಾದ್ದು ಯಾವಾಗ? ನೀರು ನಿಲ್ಲಿಸಿ ನೋಡಲು ಒಪ್ಪದಿದ್ದರೆ ಬಿಡಿ. ಹೊರಗೋಡೆ ಸೋರುತ್ತಿದ್ದು ಅಸೋಸಿಯೇಷನ್ ಜಗಳದಲ್ಲಿ ಮುಳುಗಿದ್ದರೆ ಬಿಡಿ. ಮಗನ ಡಾಕ್ಟರ್ ಬೇಡ ಎಂದರೆ ಬೇರೆ ಏನನ್ನೂ ಲೆಕ್ಕಿಸಬೇಡಿ.

ಟೆಸ್ಟ್ ಎಂದೂ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ವಾಸನೆ ಗಟ್ಟಿಯಾಗಿದ್ದು ಎಲ್ಲಿ ಹುಡುಕಿದರೂ ಮೂಲ ಸಿಗದಿದ್ದರೆ, ಕೋರ್ಟಿಗೆ ಹೋಗುವ ಪರಿಸ್ಥಿತಿ ಬಂದರೆ, ಅಥವಾ ಡಾಕ್ಟರೇ ನಿರ್ದಿಷ್ಟ ಫಂಗಸ್ ಬಗ್ಗೆ ಕೇಳಿದರೆ ಅದಕ್ಕೊಂದು ಅರ್ಥ ಇದೆ. ಆಗಲೂ ಟೆಸ್ಟ್ ಮಾಡುವವರು, ಆಮೇಲೆ ಸ್ವಚ್ಛ ಮಾಡಿಕೊಡುತ್ತೇವೆ ಎನ್ನುವವರು ಒಂದೇ ಕಂಪನಿ ಆಗಿರಬಾರದು. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಸ್ವಚ್ಛ ಮಾಡುವ ಬಗ್ಗೆ, ಕೊಂಡರೆ ಬೇಕಾಗುತ್ತದೆ. ಮೊದಲು ನೀರು ಬರುವುದನ್ನು ತಡೆಯಿರಿ, ಗೋಡೆ ಒಣಗಲು ವಾರಗಟ್ಟಲೆ ಬಿಡಿ, ಆಮೇಲೆ ಪುಟ್ಟಿ, ಪೇಂಟ್. ಒದ್ದೆ ಗೋಡೆಗೆ ಎಂಥ ಆ್ಯಂಟಿ ಫಂಗಲ್ ಪೇಂಟ್ ಹೊಡೆದರೂ ಮುಂದಿನ ಮಳೆಗೆ ಪದರ ಏಳುತ್ತದೆ. ಗೋಡೆಯ ಬೂಷ್ಟನ್ನು ಸೋಪಿನ ನೀರಿನಲ್ಲಿ ಉಜ್ಜಿ ತೆಗೆಯಬೇಕು. ಬ್ಲೀಚ್ ಹಾಕಿ ಕೊಂದರೆ ಸಾಲದು, ಸತ್ತ ಬೂಷ್ಟೂ ಅಲರ್ಜಿ ಮಾಡುತ್ತದೆ. ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸೇರಿಸಲೇಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಕೆಲಸ ಮಾಡುವವರು ಎನ್95 ಮಾಸ್ಕ್ ಹಾಕಲಿ. ಮಗ ಆ ದಿನಗಳಲ್ಲಿ ಮನೆಯೊಳಗೆ ಇರುವುದು ಬೇಡ.

ವಾಸಕ್ಕೆ ಹೋದ ಮೇಲೆ ಮಗನ ಕೋಣೆಯಲ್ಲಿ ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ಇಡಿ. ಆರ್ದ್ರತೆ ಶೇ 60ರ ಕೆಳಗಿದ್ದರೆ ಒಳ್ಳೆಯದು. ಜುಲೈ ತಿಂಗಳಲ್ಲಿ ಕಿಟಕಿ ತೆಗೆದಿಟ್ಟು ಅದು ಆಗುವ ಮಾತಲ್ಲ, ಹೊರಗಿನ ಗಾಳಿಯೇ ಒದ್ದೆ. ಬಾತ್‌ರೂಮ್, ಅಡುಗೆಮನೆಯ ಹಬೆ ಹೊರಹೋಗಲು ಎಕ್ಸಾಸ್ಟ್ ಫ್ಯಾನ್ ಹಾಕಿ. ಮಗ ಮಲಗುವ ಕೋಣೆಯಲ್ಲಿ ಎಸಿಯನ್ನು ಡ್ರೈ ಮೋಡ್‌ನಲ್ಲಿ ಓಡಿಸಿ, ಅಥವಾ ಗಾಳಿಯ ತೇವ ಹೀರುವ ಒಂದು ಡಿಹ್ಯುಮಿಡಿಫೈಯರ್ ಇಡಿ. ಒದ್ದೆ ಬಟ್ಟೆಯನ್ನು ಆ ಕೋಣೆಯಲ್ಲಿ ಒಣಹಾಕಬೇಡಿ. ಉಳಿದ ಕೋಣೆಗಳಿಗಿಂತ ಒಂದೇ ಕೋಣೆಯಲ್ಲಿ ಅಂಕಿ ಸದಾ ಜಾಸ್ತಿ ತೋರಿಸುತ್ತಿದ್ದರೆ ಮತ್ತೆ ಪ್ಲಂಬರ್‌ಗೆ ಫೋನ್ ಮಾಡಿ.